ಗಾಜಿನ ಗುಂಡುಗಳೂ ಅವನ್ನು ಮಾಡಿದವರೂ

ಗದಗ ಸೀಮೆಯು ಶಾಸನಗಳ ಸೀಮೆಯೆಂದು ಹೆಸರಾಗಿದೆ. ಲಕ್ಕುಂಡಿಯ ಬಸದಿಯನ್ನು ಕಟ್ಟಿಸಿದವಳು ದಾನಚಿಂತಾಮಣಿ ಅತ್ತಿಮಬ್ಬೆಯೆಂಬದನ್ನು ಕ್ರಿ. ಶ. 1007ರ ಕಲ್ಲೇ ಹೇಳುತ್ತದೆ. ಪುಲಿಗೆರೆಯೆಂಬ ಹಳೆಯ ಹೆಸರಿನ ಲಕ್ಷ್ಮೇಶ್ವರದ ಗುಡಿ ಬಸದಿಗಳಿಗೆ ಸಂದ ದತ್ತಿಗಳ ಸಂಗತಿಯನ್ನೂ ಕಲ್ಲುಗಳೇ ಕಾಯ್ದು ಕೊಟ್ಟಿವೆ. ಆದರೆ ಅರಸರೂ ಅಲ್ಲದ ದಾನಿಗಳೂ ಅಲ್ಲದ ಜನರು ತಮ್ಮ ಕೈಗಳಿಂದ ಮಾಡಿದ ಅಲ್ಪವಸ್ತುಗಳಿಗೆ ಶಾಸನವೆಲ್ಲಿಯದು? ಗೋಲಿಯೆಂದೂ ಗೋಟಿಯೆಂದೂ ಗುಂಡೆಂದೂ ಮಕ್ಕಳು ಕರೆಯುವ ಗಾಜಿನ ಆಟಿಕೆಯು ಇಂಥದೊಂದು ವಸ್ತು. ಅದರ ಮೇಲೆ ಮಾಡಿದವನ ಹೆಸರಿಲ್ಲ, ಊರಿಲ್ಲ, ಇಸವಿಯಿಲ್ಲ. ಆದರೂ ಅದನ್ನು ಮಾಡಿದ ರೀತಿಯು ಅದರ ಮೈಮೇಲೆ ಗುರುತಾಗಿ ಉಳಿದಿರುವದು. ಹಳೆಯ ಗುಂಡುಗಳನ್ನು ಕೂಡಿಹಾಕುವವರು ಓದಲು ಕಲಿಯುವದು ಈ ಗುರುತುಗಳನ್ನೇ.

ಗಾಜು ಬರುವದಕ್ಕೆ ಮುಂಚೆಯೂ ಗುಂಡಿನಾಟವಿದ್ದಿತು. ಸಿಂಧೂ ಕಣಿವೆಯ ಹಾಳೂರುಗಳ ಅಗೆತದಲ್ಲಿ ಕಲ್ಲಿನ ಹಾಗೂ ಸುಟ್ಟ ಮಣ್ಣಿನ ಸಣ್ಣ ಗುಂಡುಗಳು ದೊರೆತಿವೆ. ಕನ್ನಡನಾಡಿನ ಹುಡುಗರಿಗೆ ಬೇಲಿಯ ಗಜ್ಜುಗದ ಬೀಜವೂ ಹಳ್ಳದ ನುಣ್ಣನೆಯ ಕಲ್ಲೂ ದುಡ್ಡಿಲ್ಲದೆ ಸಿಕ್ಕುವ ಗುಂಡುಗಳಾಗಿದ್ದವು. ಯುರೋಪದಲ್ಲಿಯಾದರೂ ಮೊದಲಿನವು ಮಣ್ಣಿನವು, ಕಲ್ಲಿನವು. ಇಂಗ್ಲಿಷರು ಗುಂಡಿಗೆ ‘ಮಾರ್ಬಲ್’, ಅಂದರೆ ಅಮೃತಶಿಲೆ, ಎಂದು ಹೆಸರಿಟ್ಟುದು ಈ ಕಾರಣದಿಂದಲೇ. ಜರ್ಮನಿಯ ಬರ್ಕ್ಟೆಸ್‌ಗಾಡನ್ ಸೀಮೆಯಲ್ಲಿ 1683ರಲ್ಲಿ ಆರಂಭವಾದ ಒಂದು ಗಿರಣಿಯು ಹಳ್ಳದ ನೀರಿನ ಬಲದಿಂದಲೇ ಕಲ್ಲುಗಳನ್ನು ತೇದು ಗುಂಡಾಗಿಸುತ್ತಿದ್ದಿತು.

ಗಾಜನ್ನು ಕರಗಿಸಿ ಬಣ್ಣಗೊಡುವ ವಿದ್ಯೆಯು ಕನ್ನಡಿಗರಿಗೆ ಹೊಸದಾಗಿರಲಿಲ್ಲ. 1800-01ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಬುಕಾನನ್ ಎಂಬ ಪ್ರವಾಸಿಯು, ಈಗಿನ ಹೊಸದುರ್ಗ ತಾಲೂಕಿನ ಮತ್ತೋಡಿನಲ್ಲಿ ಬಳೆಗಾಗಿ ಗಾಜು ಕಾಯಿಸುತ್ತಿದ್ದುದನ್ನು ಕಂಡು ವಿವರವಾಗಿ ಬರೆದಿದ್ದಾನೆ. ಕೋಟೆಯ ಗೋಡೆಗೆ ಹತ್ತಿದ ಜಗಲಿಯ ಮೇಲೆ ಗುಮ್ಮಟದಾಕಾರದ ಕುಲುಮೆಗಳು; ಕಪ್ಪು, ಹಸಿರು, ಕೆಂಪು, ನೀಲಿ, ಹಳದಿ ಎಂಬ ಐದು ಬಣ್ಣಗಳು. ಹೀಗೆ ಕನ್ನಡನಾಡಿನ ಗಾಜು ಹೆಣ್ಣುಮಕ್ಕಳ ಕೈಗೆ ಬಳೆಯಾಗಿ ಏರಿತು. ಗಂಡುಹುಡುಗರ ಜೇಬಿಗೆ ಗುಂಡಾಗಿ ಇಳಿದ ಗಾಜಿನ ಪ್ರಸಿದ್ಧವಾದ ತವರು ದೂರದ ದೇಶದಲ್ಲಿದ್ದಿತು.

ಆ ತವರು ಜರ್ಮನಿಯ ಥುರಿಂಗಿಯಾ ಪ್ರಾಂತದ ಲೌಶಾ ಎಂಬ ಗುಡ್ಡಗಾಡಿನ ಊರು. ಅಲ್ಲಿ 1597ರಲ್ಲಿ ಗ್ರೈನರ್ ಮತ್ತು ಮ್ಯೂಲರ್ ಎಂಬ ಇಬ್ಬರು ಗಾಜಿನ ಕುಲುಮೆಯನ್ನು ಹೂಡಿದರು. ಗ್ರೈನರ್ ಮನೆತನದವರೇ 19ನೆಯ ಶತಮಾನದ ನಡುವಿನಲ್ಲಿ ಒಂದು ವಿಚಿತ್ರವಾದ ಕತ್ತರಿಯನ್ನು ಬಳಕೆಗೆ ತಂದರು. ಬಣ್ಣದ ಎಳೆಗಳನ್ನು ಒಳಗಿಟ್ಟು, ಕಾದಿರುವಾಗಲೇ ಹುರಿಮಾಡಿ ಎಳೆದ ಗಾಜಿನ ಕೋಲನ್ನು ಈ ಕತ್ತರಿಯ ಬಟ್ಟಲಿನಂಥ ತುದಿಯಲ್ಲಿ ಹಿಡಿದು ತಿರುಗಿಸಿ ಕತ್ತರಿಸಿದರೆ ಗುಂಡಾಗುವದು. ಇದರಿಂದ ಕೆಲಸವು ಬೇಗನೆ ಸಾಗಿ ಬೆಲೆಯು ಅಗ್ಗವಾಯಿತು. ಆದರೆ ಕೋಲಿನಿಂದ ಬೇರ್ಪಟ್ಟ ಎರಡು ತುದಿಗಳಲ್ಲಿ ಒರಟಾದ ಕಲೆ ಉಳಿಯುವದು. ಅದನ್ನು ತೇದರೂ ಪೂರ್ಣವಾಗಿ ಮಾಯವಾಗುವದಿಲ್ಲ. ಒಳಗೆ ಹುರಿಗೊಂಡ ಬಣ್ಣದೆಳೆಗಳು ಒಂದು ತುದಿಯಿಂದ ಇನ್ನೊಂದು ತುದಿಗೆ ಸಾಗಿರುವವು. ಈ ಎರಡು ಲಕ್ಷಣಗಳು ಕೂಡಿ ಬಂದರೆ ಗುಂಡು ಕೈಯಿಂದ ಮಾಡಿದ್ದೆಂದೂ, ಹೆಚ್ಚಾಗಿ ಜರ್ಮನಿಯದೆಂದೂ ತಿಳಿಯಬಹುದು.

ಯಂತ್ರವು ಬಂದ ಮೇಲೆ ಈ ಕಲೆ ಇಲ್ಲವಾಯಿತು. ಅಮೇರಿಕೆಯ ಓಹಾಯೋ ಸಂಸ್ಥಾನದ ಆಕ್ರನ್ ಪಟ್ಟಣದ ಮಾರ್ಟಿನ್ ಕ್ರಿಸ್ಟೆನ್‌ಸೆನ್ ಎಂಬವನು ಗುಂಡು ಮಾಡುವ ಯಂತ್ರಕ್ಕೆ 1905ರಲ್ಲಿ ಹಕ್ಕುಪತ್ರವನ್ನು ಪಡೆದನು. ಕಾದ ಗಾಜಿನ ತುಣುಕು ತಿರುಗುವ ಲೋಹದ ತಗ್ಗುಗೆರೆಗಳಲ್ಲಿ ಉರುಳುತ್ತ, ಉರುಳುತ್ತಲೇ ಆರಿ ಗುಂಡಾಗುವದು. 1914ರ ಮಹಾಯುದ್ಧವು ಜರ್ಮನಿಯ ಸರಕನ್ನು ತಡೆಯಿತು. ಆ ಅವಕಾಶವು ಅಮೇರಿಕೆಯ ಕಾರಖಾನೆಗಳಿಗೆ ಒದಗಿತು. ಅವುಗಳಲ್ಲಿ ದೊಡ್ಡದಾದ ಆಕ್ರೋ ಅಗೇಟ್ ಕಂಪನಿಯು 1951ರಲ್ಲಿ ಮುಚ್ಚಿತು. ಅಷ್ಟರಲ್ಲಿ, 1950ರ ಸುಮಾರಿಗೆ, ಜಪಾನದ ‘ಬೆಕ್ಕಿನ ಕಣ್ಣು’ ಗುಂಡುಗಳು ಅಮೇರಿಕೆಯ ಪೇಟೆಯನ್ನೇ ಹೊಕ್ಕಿದ್ದವು. ಆದುದರಿಂದ ತಿಳಿಗಾಜಿನ ನಡುವೆ ಬಣ್ಣದ ದಳಗಳಿರುವ ಇಂಥ ಗುಂಡನ್ನು ಹಿಡಿದು, ಮುತ್ತಜ್ಜನ ಕಾಲದ್ದೆಂದು ಹೇಳಿದರೆ ನಂಬಲಾಗದು.

ಗದಗ ಸೀಮೆಗೆ ಪರಸ್ಥಳದ ಗಾಜು ಬರುವ ದಾರಿಯು ಹತ್ತಿಯ ದಾರಿಯೊಡನೆ ಕೂಡಿದುದು. 1884ರಲ್ಲಿ ಸದರ್ನ್ ಮರಾಠಾ ಕಂಪನಿಯ ರೈಲು ಗದಗನ್ನು ಮುಟ್ಟಿತು. ಅರಳೆಯನ್ನು ಹೊತ್ತುಕೊಂಡು ಹೋಗುವ ಹಳಿಯ ಮೇಲೆ ಬಂದರುಗಳ ಸರಕು ತಿರುಗಿ ಬರುವದು ಸಹಜ. ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರಗಳ ಪೇಟೆಗೆ ಹಳಿ ಇರಲಿಲ್ಲ. ನಿಲ್ದಾಣದಿಂದ ಮುಂದಿನ ದಾರಿ ಎತ್ತಿನ ಗಾಡಿಯದು. ಅದರಲ್ಲಿಯೂ ಗದಗ-ಬೆಟಗೇರಿ, ಮುಂಡರಗಿಗಳು ಮುಂಬಯಿ ಇಲಾಖೆಯವು. ಶಿರಹಟ್ಟಿಯು ಸಾಂಗಲಿ ಸಂಸ್ಥಾನದ್ದು. ಲಕ್ಷ್ಮೇಶ್ವರವು ಮಿರಜ ಸಂಸ್ಥಾನದ್ದು. 1948ರಲ್ಲಿ ಸಂಸ್ಥಾನಗಳು ವಿಲೀನವಾಗುವವರೆಗೆ ನೆರೆಯೂರುಗಳು ಹೀಗೆ ಬೇರೆ ಬೇರೆ ಆಳಿಕೆಯಲ್ಲಿದ್ದವು. ಮಕ್ಕಳ ಗುಂಡಿಗೆ ಮಾತ್ರ ಈ ಗಡಿಗಳ ಗೊಡವೆಯಿರಲಿಲ್ಲ.

ಸ್ವದೇಶಿಯ ಚಳವಳಿಯು ಗಾಜನ್ನೂ ಮುಟ್ಟಿತು. ಜನರಿಂದ ಒಂದೊಂದು ಪೈಸೆ ಕೂಡಿಸಿದ ಪೈಸಾ ಫಂಡಿನ ಹಣದಿಂದ 1908ರಲ್ಲಿ ಪುಣೆಯ ಹತ್ತಿರದ ತಳೇಗಾವಿಯಲ್ಲಿ ಗಾಜಿನ ಕಾರಖಾನೆಯು ಎದ್ದಿತು. 1916ರಲ್ಲಿ ಕರಾಡದ ಬಳಿ ಓಗಲೆ ಬಂಧುಗಳ ಕಾರಖಾನೆಯು ಹುಟ್ಟಿತು. ಅವರ ಪ್ರಭಾಕರ ಕಂದೀಲು ಮುಂದೆ ಪ್ರಖ್ಯಾತವಾಯಿತು. ಬಳೆಗಳಿಗೆ ಹೆಸರಾದ ಉತ್ತರದ ಫಿರೋಜಾಬಾದದಲ್ಲಿ ಗಾಜಿನ ಗುಂಡುಗಳೂ ತಯಾರಾಗುತ್ತ ಬಂದಿವೆ. ಇಂದು ಯಾವ ಕಲೆಯೂ ಇಲ್ಲದ ಗುಂಡು ಕೈಗೆ ಬಂದರೆ ಮೊದಲು ನೆನೆಯಬೇಕಾದುದು ಲೌಶಾವನ್ನಲ್ಲ, ಈ ಊರನ್ನು.

ಇನ್ನು ಜಾತ್ರೆಯ ಗುಂಡು. ತೋಂಟದಾರ್ಯರ ಜಾತ್ರೆಯಿರಲಿ, ಶಿರಹಟ್ಟಿಯ ಫಕೀರೇಶ್ವರರ ಜಾತ್ರೆಯಿರಲಿ, ಬಿಸಿಲ ದಿನಗಳ ನೆರವಿಗೆ ಗೋಲಿ ಸೋಡಾ ಬೇಕು. ಈ ಸೀಸೆಯನ್ನು ರೂಪಿಸಿದವನು ಹಿರಾಮ್ ಕಾಡ್ ಎಂಬ ಇಂಗ್ಲಿಷ್ ಯಂತ್ರಜ್ಞನು. ಅವನ ಹಕ್ಕುಪತ್ರಗಳು 1870ರ ದಶಕದ ಆರಂಭದವು. ಸೀಸೆಯ ಕೊರಳೊಳಗೆ ಒಂದು ರಬ್ಬರಿನ ಬಳೆ, ಅದರ ಕೆಳಗೆ ಒಂದು ಗಾಜಿನ ಗುಂಡು. ಸೀಸೆಯನ್ನು ತಲೆಕೆಳಗಾಗಿಸಿ ತುಂಬಿದಾಗ ವಾಯುವಿನ ಒತ್ತಡವು ಗುಂಡನ್ನು ರಬ್ಬರಿಗೆ ಅಮುಕಿ ಬಾಯಿಯನ್ನು ಬಿಗಿಯುವದು. ಬಿರಡೆಯೂ ಬೇಡ, ತಂತಿಯೂ ಬೇಡ. ಬೆರಳಿನಿಂದ ಒತ್ತಿದರೆ ಸಾಕು. ಬಾರ್ನ್ಸ್‌ಲಿಯ ಡಾನ್ ರೈಲಂಡ್ಸ್ ಕಾಡನೊಡನೆ ಪಾಲುಗಾರನಾಗಿ ಇಂಥ ಸೀಸೆಗಳನ್ನು ಮಾಡಿದನು. ಇಂಗ್ಲಂಡದಲ್ಲಿ ಈ ಪದ್ಧತಿಯು ಅಳಿದು ಹೋದರೂ ಹಿಂದುಸ್ಥಾನದಲ್ಲಿಯೂ ಜಪಾನದಲ್ಲಿಯೂ ಉಳಿಯಿತು.

ಸೋಡಾ ಗುಂಡನ್ನು ಗುರುತಿಸುವದು ಸುಲಭ. ಒಳಗೆ ಬಣ್ಣದೆಳೆಯಿರದು, ಮರಳಿನಲ್ಲಿಯ ಕಬ್ಬಿಣದ ಅಂಶದಿಂದ ಬಂದ ತಿಳಿಹಸಿರು ಛಾಯೆಯು ಸಾಮಾನ್ಯವಾಗಿರುವದು. ಆದರೆ ಆ ಗುಂಡಿನಿಂದ ಮಾಡಿದವನ ಹೆಸರು ತಿಳಿಯದು. ಹೆಸರಿದ್ದರೆ ಅದು ಸೀಸೆಯ ಮೈಮೇಲೆ ಉಬ್ಬಕ್ಷರದಲ್ಲಿರುವದು. ಗುಂಡಿನಾಸೆಗೆ ಹುಡುಗರು ಸೀಸೆ ಒಡೆದುದು ಇಂಗ್ಲಂಡದಲ್ಲಿಯೂ ಇದ್ದಿತು, ಇಲ್ಲಿಯೂ ಇದ್ದಿತು. ಅದು ಆಟದ ವಯಸ್ಸಿನ ಮಾತು. ಹಳೆಯ ವಸ್ತುವಿನ ಪ್ರೀತಿಯಿಂದ ಇಂದು ಅದೇ ಕೆಲಸವನ್ನು ಮಾಡುವವರು ಮಾತ್ರ ಶಾಸನವನ್ನು ಒಡೆದು ಅದರ ಅಂಚಿನ ಬಳ್ಳಿಯನ್ನಷ್ಟೇ ಮನೆಗೆ ಒಯ್ದಂತೆ.

ಇಂಥ ಹಾನಿಯು ಬೇರೆ ಬಗೆಗಳಲ್ಲಿಯೂ ಆಗುವದು. ಗೀರು ಬಿದ್ದ ಗುಂಡನ್ನು ತೇದು ಹೊಳಪು ಕೊಟ್ಟರೆ ನೋಟಕ್ಕೆ ಚೆಂದವಾದೀತು. ಆದರೆ ಮಾಡಿದ ರೀತಿಯನ್ನು ಹೇಳುವ ತುದಿಯ ಕಲೆಯೂ ಜೊತೆಗೇ ಸವೆದುಹೋದೀತು. ಬೆಟಗೇರಿಯ ಹಗೇವಿನಲ್ಲಿ ಸಿಕ್ಕುದನ್ನೂ ಮುಂಡರಗಿಯ ಸಂತೆಯಲ್ಲಿ ಕೊಂಡುದನ್ನೂ ಒಂದೇ ಡಬ್ಬಿಗೆ ಸುರಿದರೆ, ಯಾವ ಸರಕು ಯಾವ ಊರಿಗೆ ಯಾವ ಕಾಲದಲ್ಲಿ ಬಂದಿತೆಂಬ ವಿಚಾರಕ್ಕೆ ಆಧಾರವೇ ಇಲ್ಲದಾಗುವದು. ಅಮೇರಿಕೆಯಲ್ಲಿ 1975ರಿಂದ ಗುಂಡು ಸಂಗ್ರಾಹಕರ ಸಂಘವೇ ಇದೆ. ಅಲ್ಲಿ ಅಂದವುಳ್ಳ ಹಳೆಯ ಗುಂಡಿಗೆ ದೊಡ್ಡ ಬೆಲೆಯೂ ಬರುವದು. ಗದಗ ಸೀಮೆಯ ಗುಂಡಿಗೆ ಅಂಥ ಬೆಲೆ ಬಾರದಿದ್ದರೂ ಚಿಂತೆಯಿಲ್ಲ. ಹತ್ತಿ ಮಾರಿದ ಮನೆಯೊಂದು ತನ್ನ ಮಗುವಿಗೆ ಏನನ್ನು ಕೊಂಡಿತೆಂಬದನ್ನು ತೋರಿಸುವ ಸಾಕ್ಷಿಯು ಬೇರೆಲ್ಲಿಯೂ ಸಿಕ್ಕಲಾರದು.

ಮಾಡಿದವರ ನೆನಪಿಗೂ ಇದು ಅವಶ್ಯ. ಗಾಜಿನ ಕುಲುಮೆಯ ಕೆಲಸವು ಬೆಂಕಿಯೆದುರಿನ ದುಡಿಮೆ. ಫಿರೋಜಾಬಾದದ ಕುಲುಮೆಗಳಲ್ಲಿ ಮಕ್ಕಳೂ ದುಡಿಯುತ್ತಿದ್ದರೆಂಬದು ಲೋಕವಿದಿತ; ಬಾಲಕಾರ್ಮಿಕರ ಕುರಿತಾದ ಕಾಯಿದೆಯು ಬಂದುದು 1986ರಲ್ಲಿ. ಒಂದು ಮಗು ಕಾಸಿದ ಗಾಜಿನಿಂದ ಇನ್ನೊಂದು ಮಗು ಆಡಿತು. ಆಡಿದವರ ನೆನಪನ್ನು ಮನೆಗಳು ಇಟ್ಟುಕೊಂಡಿವೆ. ಮಾಡಿದವರ ನೆನಪನ್ನು ಗುಂಡಿನ ಕಲೆ, ಬಣ್ಣ, ಛಾಯೆಗಳಷ್ಟೇ ಇಟ್ಟುಕೊಂಡಿವೆ. ಆದುದರಿಂದ ಹಳೆಯ ಪೆಟ್ಟಿಗೆಯ ತಳದಲ್ಲಿ ಗುಂಡು ದೊರೆತವರು ಅದನ್ನು ತೇಯದೆ, ಒಂದು ಚೀಟಿಯಲ್ಲಿ ದೊರೆತ ಊರು, ಮನೆ, ದಿನ, ಮನೆಯ ಹಿರಿಯರು ಹೇಳಿದ ಮಾತು ಇಷ್ಟನ್ನು ಬರೆದು ಜೊತೆಗಿಡಬೇಕು. ಆ ಚೀಟಿಯೇ ಅದರ ಶಾಸನ.