ರಾಗಕ್ಕೆ ರೂಪ ಬಂದ ಬಗೆ

ಹಾಡಿಗೆ ಚಿತ್ರವನ್ನು ಕೂಡಿಸುವ ವಿದ್ಯೆಯು ಪಾಶ್ಚಾತ್ಯರದೆಂದೂ, 1975ರಲ್ಲಿ ಕ್ವೀನ್ ತಂಡದ ‘ಬೊಹೀಮಿಯನ್ ರಾಪ್ಸೊಡಿ’ಗಾಗಿ ತೆಗೆದ ತುಣುಕಿನಿಂದ ಬಲಗೊಂಡು, 1981ರ ಆಗಸ್ಟ್ 1ರಂದು ಅಮೆರಿಕದಲ್ಲಿ ಎಂಟಿವಿ ಆರಂಭವಾದಾಗ ನೆಲೆಯೂರಿ, 1983ರಲ್ಲಿ ಮೈಕೆಲ್ ಜಾಕ್ಸನ್ನರ ‘ಥ್ರಿಲ್ಲರ್’ ಸುಮಾರು 14 ನಿಮಿಷಗಳ ಕಥಾಚಿತ್ರವಾಗಿ ಬಂದಾಗ ಸ್ವತಂತ್ರ ಕಲೆಯ ಪದವಿಗೇರಿತೆಂದೂ ಹೇಳುವುದು ವಾಡಿಕೆ. ಧ್ವನಿಮುದ್ರಿಕೆಯ ವಿಕ್ರಯಕ್ಕಾಗಿ ದೃಶ್ಯವನ್ನು ಮುಂದಿಟ್ಟ ಉದ್ಯಮದ ಮಟ್ಟಿಗೆ ಇದು ಸತ್ಯವೇ. ಆದರೆ ನಾದಕ್ಕೆ ಶರೀರವನ್ನು ಕೊಟ್ಟು ನೋಡಬೇಕೆಂಬ ಅಭಿಲಾಷೆ ದಖ್ಖಣದ ನೆಲದಲ್ಲಿ ಅದಕ್ಕಿಂತ ಬಹು ಪ್ರಾಚೀನವಾದುದು.

1619ರಲ್ಲಿ ಬೀದರದ ಬರೀದಶಾಹಿಯನ್ನು ತನ್ನ ರಾಜ್ಯದಲ್ಲಿ ಸೇರಿಸಿಕೊಂಡ ವಿಜಾಪುರದ ಎರಡನೆಯ ಇಬ್ರಾಹೀಂ ಆದಿಲಶಾಹನು, ಸಾಮ್ರಾಜ್ಯವಿಸ್ತಾರಕ್ಕಿಂತ ಸಂಗೀತದಲ್ಲಿಯೇ ಹೆಚ್ಚು ಕೀರ್ತಿಯನ್ನು ಪಡೆದ ದೊರೆ. ದಖ್ಖನಿ ಭಾಷೆಯಲ್ಲಿ ಆತನು ರಚಿಸಿದ ‘ಕಿತಾಬ್-ಎ-ನವರಸ್’ ಗ್ರಂಥದಲ್ಲಿ ಸರಸ್ವತಿಯ ಸ್ತುತಿಯುಂಟು, ಕಲಬುರಗಿಯ ಬಂದೇನವಾಜರ ಸ್ಮರಣೆಯುಂಟು, ಮೋತಿಖಾನನೆಂದು ಹೆಸರಿಟ್ಟು ಮುದ್ದಿಸಿದ ತಂಬೂರಿಯ ಪ್ರಶಂಸೆಯುಂಟು. ಇವುಗಳ ನಡುವೆ ರಾಗಗಳೇ ವಸ್ತ್ರಾಭರಣಗಳನ್ನು ಧರಿಸಿದ ವ್ಯಕ್ತಿಗಳಾಗಿ ಕಣ್ಣೆದುರು ನಿಲ್ಲುವ ಪದಗಳೂ ಉಂಟು. ಅದೇ ಕಾಲದ ಚಿತ್ರಕಾರರು ರಾಗಮಾಲೆಗಳಲ್ಲಿ ಕುಂಚದಿಂದ ಸಾಧಿಸಿದ್ದೂ ಇದನ್ನೇ. ಆ ಮಾಲೆಗಳಲ್ಲಿ ಭೈರವಿಯು ಬಹುಮಟ್ಟಿಗೆ ಶಿವಲಿಂಗವನ್ನು ಅರ್ಚಿಸುವ ತರುಣಿಯಾಗಿ ತೋರುವಳು. ನೋಡುವವನು ಆ ಏಕಾಂತಭಕ್ತಿಯಿಂದಲೇ ರಾಗದ ಭಾವವನ್ನು ಊಹಿಸಿಕೊಳ್ಳಬೇಕು.

ಅದೇ ಭೈರವಿಯು ಮತ್ತೊಂದು ವೇಷದಲ್ಲಿ ದೇಶಕ್ಕೆಲ್ಲ ಕಾಣಿಸಿಕೊಂಡದ್ದು 1988ರ ಆಗಸ್ಟ್ 15ರಂದು, ದೂರದರ್ಶನದಲ್ಲಿ. ಸುರೇಶ ಮಲ್ಲಿಕ್ ಮತ್ತು ಕೈಲಾಶ ಸುರೇಂದ್ರನಾಥರು ರೂಪಿಸಿ, ಪೀಯೂಷ್ ಪಾಂಡೆಯವರು ಸಾಹಿತ್ಯವನ್ನು ಬರೆದ ‘ಮಿಲೇ ಸುರ್ ಮೇರಾ ತುಮ್ಹಾರಾ’ ಗದಗ ಸೀಮೆಯ ರೋಣದಲ್ಲಿ ಜನಿಸಿದ ಭೀಮಸೇನ ಜೋಶಿಯವರ ಕಂಠದಿಂದ ಆರಂಭವಾಗಿ, ಒಂದೇ ಅರ್ಥವನ್ನು 14 ಭಾಷೆಗಳಲ್ಲಿ ಹೊತ್ತು ಸಾಗಿತು. ದೇಗುಲದ ತರುಣಿಯಿದ್ದೆಡೆಯಲ್ಲಿ ಈಗ ಜಲಪಾತ, ಕಡಲು, ರೈಲುಗಾಡಿ, ಆನೆಯ ಮೇಲಿನ ಮಾವುತ, ಕಲಾವಿದರು, ಕ್ರೀಡಾಪಟುಗಳು, ಹೆಸರಿಲ್ಲದ ಜನಸಮೂಹ. ರಾಗದ ಅಧಿದೇವತೆ ವ್ಯಕ್ತಿಯಾಗಿದ್ದುದು ಹೋಗಿ ಸಮುದಾಯವಾಯಿತು. ಮಾರಬೇಕಾದ ಸರಕೊಂದೂ ಆ ಚಿತ್ರದ ಹಿಂದಿರಲಿಲ್ಲ.

ಕನ್ನಡ, ತೆಲುಗು, ಮರಾಠಿ, ಉರ್ದುಗಳು ಒಂದೇ ಸಂತೆಯಲ್ಲಿ ಕಲೆಯುವ ಬೀದರ ಸೀಮೆಗೆ ಈ ಹಾಡಿನ ಕ್ರಮವೇನೂ ಅಪರಿಚಿತವಲ್ಲ. ಆ ನಾಲ್ಕೂ ನುಡಿಗಳು ಹಾಡಿನಲ್ಲಿಯೂ ಇದ್ದವು. ಔರಾದದ ಕಡೆ ಮರಾಠಿಯು ಮನೆಮಾತಿನೊಳಗೇ ಬೆರೆತುಹೋಗಿದೆ. ಆದರೆ ಈ ಸಾಮರಸ್ಯವು ಯಾವಾಗಲೂ ಸುಲಭಲಭ್ಯವಾಗಿತ್ತೆಂದು ಭಾವಿಸಲಾಗದು. ನಿಜಾಮರ ಆಳ್ವಿಕೆಯಲ್ಲಿ ಭಾಲ್ಕಿಯ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕವನ್ನು ತೂಗಿಸಿ ಒಳಗೆ ಕನ್ನಡವನ್ನು ಕಲಿಸಬೇಕಾಗಿತ್ತು. 1956ರಲ್ಲಿ ಈ ಜಿಲ್ಲೆ ಕರ್ನಾಟಕವನ್ನು ಸೇರಿತು. ಹೀಗೆ ಒಂದು ಕಾಲದಲ್ಲಿ ಉರ್ದುವಿನ ಮರೆಯಲ್ಲಿ ಬದುಕಿದ ಕನ್ನಡವು, ಅದರೊಡನೆಯೇ ಸಮಾನಸ್ಥಾನದಲ್ಲಿ ನಿಂತು ಹಾಡಿದ್ದನ್ನು ಈ ಸೀಮೆಯವರು ಕೇವಲ ಸರ್ಕಾರಿ ಉಪದೇಶವೆಂದು ತಳ್ಳಿಹಾಕಲಾರರು.

ಯಂತ್ರಕೌಶಲದಲ್ಲಿ ‘ಥ್ರಿಲ್ಲರ್’ ಮೇಲಾಗಿರಬಹುದು. ಆದರೆ ಗೀತವನ್ನು ಕಂಡವನು ಅದನ್ನು ಹಾಡುವವರೊಳಗೆ ತಾನೂ ಒಬ್ಬನೆಂದು ಬಗೆಯುವಂತೆ ಮಾಡುವುದೇ ಈ ಕಲೆಯ ಪರಮಪ್ರಯೋಜನವಾದಲ್ಲಿ, ಅದರ ಚರಿತ್ರೆಯನ್ನು ಬರೆಯುವವರು ನ್ಯೂಯಾರ್ಕಿನಿಂದಲ್ಲ, ದಖ್ಖಣದಿಂದಲೇ ಮೊದಲುಮಾಡುವುದು ಯುಕ್ತ.