ಹೆಗಲ ಮೇಲಿನ ಹೆಣ: ಗಡಿನಾಡಿನ ಮಕ್ಕಳ ಓದು ಮತ್ತು ‘ಚಂದಮಾಮ’ದ ಕನಸಿನ ಚಿತ್ರಗಳು

ಕೋಲಾರ ಸೀಮೆಯ ಬೇತಮಂಗಲದ ಸುತ್ತಮುತ್ತ ಭಾಷೆಗಳ ನಡುವೆ ಗೆರೆ ಎಳೆಯುವುದು ಸುಲಭವಲ್ಲ. ಪಾಲಾರ್ ನೀರು ನಿಲ್ಲುವ ಇಲ್ಲಿನ ಕೆರೆಯೇ ಚಿನ್ನದ ಗಣಿಯ ಊರಾದ ಕೆಜಿಎಫ್‌ನ ಬಾಯಾರಿಕೆ ತಣಿಸಿತು. ಆ ಗಣಿ ಕಾಲೊನಿಗಳಲ್ಲಿ ತಮಿಳು, ಹಳ್ಳಿಮನೆಗಳಲ್ಲಿ ತೆಲುಗು, ಶಾಲೆ-ಕಚೇರಿಗಳಲ್ಲಿ ಕನ್ನಡ. ಇಂಥ ಸೀಮೆಯ ಓದನ್ನು ಅರಿಯಲು ‘ಚಂದಮಾಮ’ ಎಂಬ ಮಕ್ಕಳ ಮಾಸಪತ್ರಿಕೆ ಒಳ್ಳೆಯ ಆಕರ. ಬಿ. ನಾಗಿರೆಡ್ಡಿ ಮತ್ತು ಚಕ್ರಪಾಣಿ 1947ರ ಜುಲೈನಲ್ಲಿ ಮದರಾಸಿನಿಂದ ತೆಲುಗಿನಲ್ಲೂ, ‘ಅಂಬುಲಿಮಾಮಾ’ ಎಂದು ತಮಿಳಿನಲ್ಲೂ ಇದನ್ನು ಹೊರತಂದರು. ಕನ್ನಡಕ್ಕೆ ಬಂದದ್ದು 1949ರಲ್ಲಿ. ಕತೆಯನ್ನು ಅನುವಾದಿಸಬೇಕಿತ್ತು, ಚಿತ್ರವನ್ನಲ್ಲ. ಚಿತ್ರದೊಳಗೆ ಅಕ್ಷರವೇ ಇಲ್ಲದಿದ್ದರಿಂದ ಅದೇ ಅಚ್ಚು ಮೂರೂ ಭಾಷೆಗೆ ಸಲ್ಲುತ್ತಿತ್ತು.

ಈ ಚಿತ್ರಗಳಲ್ಲಿ ಹೆಚ್ಚು ಕಾಲ ಉಳಿದದ್ದು ರಾಜ ವಿಕ್ರಮ ಮತ್ತು ಅವನು ಹೊತ್ತ ಹೆಣದೊಳಗಿಂದ ಕತೆ ಹೇಳುವ ಬೇತಾಳನದು. ಬರೆದವರು ಶಂಕರ್, ಅಂದರೆ ಕೆ.ಸಿ. ಶಿವಶಂಕರನ್ (1924–2020), ಮದರಾಸಿನ ಸರ್ಕಾರಿ ಕಲಾಶಾಲೆಯಲ್ಲಿ ಕಲಿತವರು. ಹಿರಿದ ಕತ್ತಿ, ಹೆಗಲ ಮೇಲೆ ಹೆಣ, ಗಂಟುಗಂಟಾದ ಮರ, ಕಾಲಡಿ ತಲೆಬುರುಡೆ. ನಡೆಯಲಾರದ ಸಂಗತಿ, ಆದರೆ ರಾಜನ ತೋಳಿನ ಸ್ನಾಯು, ಮೈಮೇಲಿನ ಒಡವೆ, ಹೆಣದ ಭಾರ ಯಾವುದರಲ್ಲೂ ಗೆರೆ ತಪ್ಪಿಲ್ಲ. ಕನಸಿನ ಗುಣ ಬಂದಿರುವುದು ಮಸುಕಿನಿಂದಲ್ಲ, ಈ ಖಚಿತತೆಯಿಂದ.

ಈ ಖಚಿತ ಕನಸು ಅತಿವಾಸ್ತವವಾದವನ್ನು (ಸರ್ರಿಯಲಿಸಂ) ನೆನಪಿಸುತ್ತದೆ. 1924ರಲ್ಲಿ ಕವಿ ಆಂದ್ರೆ ಬ್ರೆತಾನ್ ಪ್ಯಾರಿಸ್ಸಿನಲ್ಲಿ ಅದರ ಪ್ರಣಾಳಿಕೆ ಹೊರಡಿಸಿದ. ಆ ಪಂಥದ ಚಿತ್ರಕಾರರಾದ ಡಾಲಿ, ಮಾಗ್ರಿಟ್ ಕೂಡ ಅಸಾಧ್ಯವಾದುದನ್ನು ಅಚ್ಚುಕಟ್ಟಾಗಿಯೇ ಬರೆದವರು. ಹಾಗೆಂದು ಶಂಕರರನ್ನು ಅವರ ಸಾಲಿಗೆ ಸೇರಿಸುವುದು ನನಗೆ ಒಪ್ಪಿತವಲ್ಲ. ಆ ಪಂಥದವರ ಉದ್ದೇಶ ನೋಡುಗನನ್ನು ಕಂಗೆಡಿಸುವುದು. ‘ಚಂದಮಾಮ’ದಲ್ಲಾದರೋ ಸ್ಮಶಾನದ ಅದೇ ದೃಶ್ಯ ತಿಂಗಳು ತಿಂಗಳೂ ಮರಳುತ್ತದೆ: ರಾಜ ಬಾಯಿ ಬಿಟ್ಟೊಡನೆ ಹೆಣ ಮರಕ್ಕೆ ಹಾರಬೇಕು, ಅವನು ಮತ್ತೆ ಇಳಿಸಿ ಹೊರಬೇಕು. ಸಂಸ್ಕೃತದ ‘ವೇತಾಲ ಪಂಚವಿಂಶತಿ’ಯಲ್ಲಿದ್ದ 25 ಕತೆ ಮುಗಿದರೂ ಪತ್ರಿಕೆ ನಿಲ್ಲಿಸದೆ ನೂರಾರು ಹೊಸ ಕತೆ ಹೊಸೆಯಿತು. ಮುಂದೇನೆಂದು ಗೊತ್ತಿದ್ದೇ ಮಗು ಪುಟ ತೆರೆಯುತ್ತಿತ್ತು. ಭಯ ಹೀಗೆ ಬಳಕೆಯಾಗುತ್ತಾ ಪರಿಚಿತವೂ ಆಯಿತು.

ಶಂಕರರ ಸಹೋದ್ಯೋಗಿ ‘ಚಿತ್ರಾ’ (ಟಿ.ವಿ. ರಾಘವನ್) ಕಲಾಶಾಲೆಯ ಮೆಟ್ಟಿಲು ಹತ್ತಿದವರಲ್ಲ, ತಾವಾಗಿ ಕಲಿತವರು. ಪತ್ರಿಕೆಯಲ್ಲಿ ಬಂದ ದಾಸರಿ ಸುಬ್ರಹ್ಮಣ್ಯಂ ಅವರ ಧಾರಾವಾಹಿಗಳ ಮಾಂತ್ರಿಕರಿಗೂ ವಿಚಿತ್ರ ಜೀವಿಗಳಿಗೂ ರೂಪ ಕೊಟ್ಟದ್ದು ಅವರ ಕುಂಚ. ಪುರಾಣದ ರಾಕ್ಷಸನಿಗೆ ಕಣ್ಣೆದುರು ಮಾದರಿಗಳಿರುತ್ತವೆ. ಹೊಸದಾಗಿ ಹುಟ್ಟಿದ ಈ ಜೀವಿಗಳಿಗೆ ಇರಲಿಲ್ಲ. ಕಲ್ಪನೆಯ ಮಟ್ಟಿಗೆ ಚಿತ್ರಾ ಅವರೇ ಒಂದು ಕೈ ಮೇಲು ಎನ್ನಬೇಕು, ಹೆಸರೆಲ್ಲ ಶಂಕರರ ಪಾಲಾದರೂ.

ಇವರಿಬ್ಬರಲ್ಲದೆ ಪತ್ರಿಕೆಯ ಮುಖಪುಟ ರೂಪಿಸಿದ ಇನ್ನೊಬ್ಬರು ಹಳೇ ಮೈಸೂರಿನವರೇ ಆದ ಎಂ.ಟಿ.ವಿ. ಆಚಾರ್ಯ. ಅವರ ಮಹಾಭಾರತದ ಮುಖಪುಟಗಳನ್ನು ಕತ್ತರಿಸಿ ಚೌಕಟ್ಟು ಹಾಕಿಸಿದ ಮನೆಗಳುಂಟು. ಮುಂದೆ ಅವರು ಬೆಂಗಳೂರಿನಲ್ಲಿ ಆಚಾರ್ಯ ಚಿತ್ರಕಲಾ ಭವನ ಕಟ್ಟಿ, ಅಂಚೆಯ ಮೂಲಕ ಚಿತ್ರಕಲೆ ಕಲಿಸಿದರು. ಕಲಾಶಾಲೆಯಿಲ್ಲದ ಊರಿನ ಹುಡುಗರಿಗೆ ಚಿತ್ರ ನೋಡುವುದರ ಜತೆಗೆ ಬರೆಯುವ ದಾರಿಯೂ ತೆರೆದದ್ದು ಹೀಗೆ.