ಗರ್ಭಕಂಠದ ಗ್ರಂಥಿಗತ ಅರ್ಬುದವೂ ಅದರ ಮೂಲಾನ್ವೇಷಣವೂ

ವ್ಯಾಧಿಯ ಲಕ್ಷಣವನ್ನು ತಿಳಿಯುವುದು ಬೇರೆ, ಅದರ ಮೂಲವನ್ನು ಅರಿಯುವುದು ಬೇರೆ. ಅರ್ಬುದವೆಂಬ ಗಡ್ಡೆಗಳ ವರ್ಣನೆಯು ಸುಶ್ರುತಸಂಹಿತೆಯಲ್ಲಿಯೇ ಉಂಟು. ಆದರೆ ಗರ್ಭಕೋಶದ ಕಂಠದಲ್ಲಿ ಹುಟ್ಟುವ ಕ್ಯಾನ್ಸರಿಗೆ ಮೂಲವೇನೆಂಬ ಪ್ರಶ್ನೆಗೆ ಉತ್ತರ ದೊರೆತುದು ಇಪ್ಪತ್ತನೆಯ ಶತಮಾನದ ಕೊನೆಯಲ್ಲಿ. ಆ ಚರಿತ್ರೆಯಲ್ಲಿ ಒಬ್ಬ ಬಡ ಗೃಹಿಣಿಯ ಸ್ಥಾನವು ಪಂಡಿತರ ಸ್ಥಾನಕ್ಕಿಂತ ಕಿರಿದಾದುದಲ್ಲ.

ಗರ್ಭಕಂಠಕ್ಕೆ ಎರಡು ಬಗೆಯ ಹೊದಿಕೆಗಳಿವೆ. ಹೊರಮುಖದಲ್ಲಿರುವುದು ಚಪ್ಪಟೆಯಾದ ಕೋಶಗಳ ಪದರ. ಒಳನಾಳದಲ್ಲಿರುವುದು ಲೋಳೆಯನ್ನು ಸ್ರವಿಸುವ ಗ್ರಂಥಿಗಳ ಪದರ. ಮೊದಲನೆಯದರಿಂದ ಹುಟ್ಟುವ ಕ್ಯಾನ್ಸರೇ ಅಧಿಕ. ಎರಡನೆಯದರಿಂದ ಹುಟ್ಟುವುದಕ್ಕೆ ಅಡಿನೋಕಾರ್ಸಿನೋಮ ಎಂದು ಹೆಸರು. ನೂರು ರೋಗಿಗಳಲ್ಲಿ ಸುಮಾರು 10ರಿಂದ 25 ಮಂದಿಗೆ ಈ ಬಗೆಯದು.

1842ರಲ್ಲಿ ಇಟಲಿಯ ರಿಗೋನಿ-ಸ್ಟೆರ್ನ್ ಎಂಬ ವೈದ್ಯನು ವೆರೋನಾ ನಗರದ ಮರಣಲೇಖಗಳನ್ನು ಪರಿಶೋಧಿಸಿ, ಗರ್ಭಕೋಶದ ಕ್ಯಾನ್ಸರು ಸಂನ್ಯಾಸಿನಿಯರಲ್ಲಿ ವಿರಳವೆಂದೂ ವಿವಾಹಿತೆಯರಲ್ಲಿ ಅಧಿಕವೆಂದೂ ತೋರಿಸಿದನು. ಸಂಸರ್ಗದಿಂದ ಬರುವ ಯಾವುದೋ ಕಾರಣವಿರಬೇಕೆಂಬ ಸಂಶಯಕ್ಕೆ ಇದು ಬೀಜವಾಯಿತು. ಆದರೆ ಆ ಕಾರಣವು ಬಹುಕಾಲ ಯಾರ ಕಣ್ಣಿಗೂ ಬೀಳಲಿಲ್ಲ.

1951ರ ಆದಿಯಲ್ಲಿ ಅಮೆರಿಕದ ಬಾಲ್ಟಿಮೋರ್ ನಗರದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಗೆ ಹೆನ್ರಿಯೆಟ್ಟಾ ಲ್ಯಾಕ್ಸ್ ಎಂಬ ನೀಗ್ರೋ ಜನಾಂಗದ ಸ್ತ್ರೀಯು ಚಿಕಿತ್ಸೆಗೆ ಬಂದಳು. ಐದು ಮಕ್ಕಳ ತಾಯಿ. ಆಕೆಯ ಗಡ್ಡೆಯಿಂದ ತುಣುಕೊಂದನ್ನು ಆಕೆಯ ಅನುಮತಿಯನ್ನು ಕೇಳದೆಯೇ ತೆಗೆದು, ಜಾರ್ಜ್ ಗೇ ಎಂಬವರ ಪ್ರಯೋಗಶಾಲೆಗೆ ಕೊಟ್ಟರು. ಅದುವರೆಗೆ ಮನುಷ್ಯರ ಕೋಶಗಳು ದೇಹದ ಹೊರಗೆ ಕೆಲವೇ ದಿನಗಳಲ್ಲಿ ಸಾಯುತ್ತಿದ್ದುವು. ಇವು ಸಾಯದೆ ಬೆಳೆಯುತ್ತಲೇ ಹೋದುವು. ಆಕೆಯಾದರೋ ಅದೇ ವರ್ಷದ ಅಕ್ಟೋಬರ್ 4ರಂದು, 31ನೆಯ ವಯಸ್ಸಿನಲ್ಲಿ, ತೀರಿಕೊಂಡಳು. ‘ಹೀಲಾ’ ಎಂಬ ಹೆಸರಿನಿಂದ ಆ ಕೋಶಗಳು ಲೋಕದ ಪ್ರಯೋಗಶಾಲೆಗಳನ್ನೆಲ್ಲ ಸೇರಿದುವು. ಮನೆಯವರಿಗೆ ಇದರ ಸುದ್ದಿಯೇ ಇರಲಿಲ್ಲ. ವೈದ್ಯರು ಆಕೆಯ ರೋಗವನ್ನು ಚಪ್ಪಟೆ ಕೋಶಗಳದೆಂದು ಬರೆದಿದ್ದರು. ಹಳೆಯ ಗಾಜಿನ ಫಲಕಗಳನ್ನು ಮರಳಿ ನೋಡಿದವರು ಅದು ಗ್ರಂಥಿಗತವಾದುದೆಂದು 1971ರಲ್ಲಿ ಪ್ರಕಟಿಸಿದರು.

ಅದೇ ಕಾಲದಲ್ಲಿ ಜರ್ಮನಿಯ ಹರಾಲ್ಡ್ ಸೂರ್ ಹೌಸನ್ ಎಂಬ ವಿದ್ವಾಂಸರು ನರೂಲಿಗಳನ್ನು ಉಂಟುಮಾಡುವ ಪ್ಯಾಪಿಲೋಮಾ ವೈರಾಣುಗಳ ಕುಲವನ್ನು ಸಂದೇಹಿಸತೊಡಗಿದರು. ಹಲವರು ಹರ್ಪಿಸ್ ವೈರಾಣುವಿನ ಮೇಲೆ ದೋಷವನ್ನು ಹೊರಿಸುತ್ತಿದ್ದ ದಿನಗಳವು. ಸೂರ್ ಹೌಸನ್ನರ ಸಂಗಡಿಗರು 1983ರಲ್ಲಿ ಆ ಕುಲದ 16ನೆಯ ಬಗೆಯನ್ನೂ 1984ರಲ್ಲಿ 18ನೆಯ ಬಗೆಯನ್ನೂ ಗರ್ಭಕಂಠದ ಕ್ಯಾನ್ಸರಿನಲ್ಲಿ ಕಂಡುಹಿಡಿದರು. ಈ 18ನೆಯದು ಹೀಲಾ ಕೋಶಗಳಲ್ಲಿಯೂ ದೊರೆಯಿತು. ಆ ತಾಯಿಯನ್ನು ಕೊಂದ ಶತ್ರುವು ಮೂವತ್ತಕ್ಕೂ ಹೆಚ್ಚು ವರ್ಷ ಪಂಡಿತರ ಕೈಯ ಸೀಸೆಯಲ್ಲಿಯೇ ಅಡಗಿದ್ದಿತು!

ವೈರಾಣುವು ರಚಿಸುವ ಎರಡು ಪ್ರೋಟೀನುಗಳು ಕೋಶದ ಎರಡು ಕಾವಲುಗಾರರನ್ನು ನಿಷ್ಫಲಗೊಳಿಸುತ್ತವೆ. ಆಗ ಕೋಶವು ಅಂಕೆಯಿಲ್ಲದೆ ಬೆಳೆಯುತ್ತದೆ. ಚಪ್ಪಟೆ ಕೋಶಗಳ ರೋಗದಲ್ಲಿ 16ನೆಯದೇ ಪ್ರಬಲ. ಗ್ರಂಥಿಗತ ರೋಗದಲ್ಲಿ 18ನೆಯದರ ಪಾಲು ಗಣನೀಯವಾಗಿ ಹೆಚ್ಚು.

ಈ ಭೇದವು ಕೇವಲ ಪಾಂಡಿತ್ಯದ ವಿಷಯವಲ್ಲ. ಪಪಾನಿಕೊಲಾವ್ ಮತ್ತು ಟ್ರೌಟ್ ಎಂಬವರು 1943ರ ತಮ್ಮ ಗ್ರಂಥದಲ್ಲಿ ವಿವರಿಸಿದ ಕೋಶಪರೀಕ್ಷೆಯಿಂದ ಹೊರಪದರದ ಕ್ಯಾನ್ಸರು ಅನೇಕ ದೇಶಗಳಲ್ಲಿ ಇಳಿಯಿತು. ಒಳನಾಳದಲ್ಲಿ ಅಡಗುವ ಗ್ರಂಥಿಗತ ರೋಗವು ಆ ಪರೀಕ್ಷೆಗೆ ಅಷ್ಟು ಸುಲಭವಾಗಿ ಸಿಕ್ಕಲಿಲ್ಲ. ವೈರಾಣುವನ್ನೇ ಹುಡುಕುವ ಪರೀಕ್ಷೆಯೂ 2006ರಿಂದ ಬಳಕೆಗೆ ಬಂದ ಲಸಿಕೆಯೂ ಈ ಕೊರತೆಯನ್ನು ಬಹುಮಟ್ಟಿಗೆ ತುಂಬುತ್ತವೆ. ಆದರೂ ಗ್ರಂಥಿಗತ ಕ್ಯಾನ್ಸರುಗಳಲ್ಲಿ ಒಂದು ಪಾಲಿಗೆ ವೈರಾಣುವಿನ ಸಂಬಂಧವೇ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆಯು 2020ರ ತನ್ನ ವರ್ಗೀಕರಣದಲ್ಲಿ ಇವೆರಡನ್ನೂ ಪ್ರತ್ಯೇಕಿಸಿತು. ಆದುದರಿಂದ ಲಸಿಕೆ ಪಡೆದವರೂ ಅಕಾಲದ ರಕ್ತಸ್ರಾವವನ್ನು ಲಜ್ಜೆಯಿಂದ ಮುಚ್ಚಿಡುವುದು ತರವಲ್ಲ.

ಸೂರ್ ಹೌಸನ್ನರಿಗೆ 2008ರಲ್ಲಿ ನೊಬೆಲ್ ಪಾರಿತೋಷಕವು ದೊರೆಯಿತು. ಹೆನ್ರಿಯೆಟ್ಟಾಳಿಗೆ ವಿಶ್ವ ಆರೋಗ್ಯ ಸಂಸ್ಥೆಯ ಗೌರವವು ಸಂದುದು 2021ರಲ್ಲಿ, ಆಕೆ ಮಡಿದ ಎಪ್ಪತ್ತು ವರ್ಷಗಳ ಮೇಲೆ; ಅದನ್ನು ಸ್ವೀಕರಿಸಿದವನು ಆಕೆಯ ಮಗ. ಕೇಳದೆ ತೆಗೆದುಕೊಂಡುದು ಸಾಲವೇ ಸರಿ. ಆ ಜ್ಞಾನದ ಫಲವು ಪ್ರತಿಯೊಂದು ಮನೆಯ ಹೆಣ್ಣುಮಕ್ಕಳಿಗೂ ದೊರೆತಲ್ಲದೆ ಅದು ತೀರಿತೆನ್ನಲಾಗದು.